ಫ್ಯೂಯಲ್ ಪಂಪ್ ಬದಲಾವಣೆ: ಬರೀ ಮೋಟಾರೋ, ಪೂರ್ತಿ ಅಸೆಂಬ್ಲಿಯೋ?

ಮನೆಯಂಗಳದಲ್ಲೇ ಕಾರಿನ ಫ್ಯೂಯಲ್ ಪಂಪ್ ಬದಲಿಸಹೊರಟವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜೇಬು ಒಪ್ಪುವುದಾದರೆ ಪೂರ್ತಿ ಅಸೆಂಬ್ಲಿಯನ್ನೇ, ಅಂದರೆ ಮೋಟಾರ್, ಪೈಪ್, ಚೌಕಟ್ಟು ಎಲ್ಲ ಜೋಡಿಸಿಯೇ ಬರುವ ಪಂಪನ್ನೇ ತನ್ನಿ. ನಾನು ಸುಮಾರು ಕಾಲು ಭಾಗದ ಬೆಲೆಗೆ ಬರೀ ಮೋಟಾರನ್ನು ತಂದು, ಒಂದೇ ಕೆಲಸವನ್ನು ಎರಡು ತಿಂಗಳೊಳಗೆ ಎರಡು ಸಲ ಮಾಡಿದ್ದೇನೆ.

ನನ್ನದು ಹಳೆಯ ಸ್ಯಾಂಟ್ರೊ ಝಿಂಗ್. ಪಂಪ್ ಟ್ಯಾಂಕಿನೊಳಗಿದ್ದರೂ ಹಿಂದಿನ ಸೀಟು ಎತ್ತಿದರೆ ಕೈಗೆಟಕುವುದರಿಂದ ಟ್ಯಾಂಕ್ ಇಳಿಸುವ ಪ್ರಮೇಯವಿಲ್ಲ. ಏರು ದಾರಿಯಲ್ಲಿ ಎಂಜಿನ್ ಸೊರಗುತ್ತಿತ್ತೇ ಹೊರತು ಪಂಪ್ ಪೂರ್ತಿ ಸತ್ತಿರಲಿಲ್ಲ. ಹಾಗಾಗಿ ಅದರ ಕನೆಕ್ಟರ್ ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡವನ್ನು ಇಳಿಸಿದೆ, ಬಳಿಕ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕಾರಿನೊಳಗೇ ತಂಗುತ್ತದೆ, ಬಾಗಿಲುಗಳೆಲ್ಲ ತೆರೆದಿರಲಿ.

ಇಲ್ಲಿಯವರೆಗೆ ಎರಡೂ ದಾರಿ ಒಂದೇ. ಬರೀ ಮೋಟಾರ್ ಹಾಕುವವನಿಗೆ ತೊಂದರೆ ಶುರುವಾಗುವುದು ಇದರ ನಂತರ. ವರ್ಷಗಟ್ಟಲೆ ಪೆಟ್ರೋಲಿನಲ್ಲಿ ನೆನೆದ ಪ್ಲಾಸ್ಟಿಕ್ ಚೌಕಟ್ಟಿನ ಕೊಂಡಿಗಳು ಗಡುಸಾಗಿದ್ದು, ಒಂದು ಕೊಂಡಿ ನನ್ನ ಕೈಯಲ್ಲೇ ಚಟ್ಟನೆ ಮುರಿಯಿತು. ಅದನ್ನು ಹೇಗೋ ನಿಭಾಯಿಸಬಹುದು. ಮೋಟಾರಿನ ಬಾಯಿಯಿಂದ ಮುಚ್ಚಳಕ್ಕೆ ಹೋಗುವ ಗಿಡ್ಡ ಪೈಪನ್ನು ಮಾತ್ರ ಬ್ಲೇಡಿನಿಂದ ಸೀಳದೆ ತೆಗೆಯಲಾಗಲಿಲ್ಲ. ಹೊಸ ಮೋಟಾರಿನ ಡಬ್ಬಿಯಲ್ಲಿ ಬದಲಿ ಪೈಪ್ ಇರಲಿಲ್ಲವಾದ್ದರಿಂದ ಸ್ಪೇರ್ಸ್ ಅಂಗಡಿಯಲ್ಲಿ ‘ಪೆಟ್ರೋಲ್ ಹೋಸ್’ ಎಂದು ಕೇಳಿ, ಕೊಟ್ಟದ್ದನ್ನು ತಂದು ಕ್ಲಿಪ್ ಬಿಗಿದೆ.

ಆರು ವಾರ ಕಾರು ಚೆನ್ನಾಗಿ ಓಡಿತು. ಆಮೇಲೆ ಬೆಳಗಿನ ಹೊತ್ತು ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಬೇಗ ಹಿಡಿಯದಾಯಿತು. ಕೀ ತಿರುಗಿಸಿದಾಗ ಪಂಪಿನ ಗುಂಯ್ ಸದ್ದು ಕೇಳುತ್ತಿತ್ತು, ಹೊರಗೆಲ್ಲೂ ವಾಸನೆಯಾಗಲಿ ತೊಟ್ಟಾಗಲಿ ಇರಲಿಲ್ಲ. ಆದ್ದರಿಂದ ಸುಮ್ಮನೆ ಪ್ಲಗ್ಗುಗಳನ್ನು ಬದಲಿಸಿದೆ. ಕೊನೆಗೆ ಮತ್ತೆ ಸೀಟು ಎತ್ತಿ ನೋಡಿದರೆ, ಹೋಸ್ ಉಗುರು ನಾಟುವಷ್ಟು ಮೆತ್ತಗಾಗಿ ಉಬ್ಬಿತ್ತು ಮತ್ತು ಕ್ಲಿಪ್ಪಿನ ಬಳಿ ಸೀಳಿತ್ತು. ಪಂಪ್ ಎತ್ತಿದ ಪೆಟ್ರೋಲ್ ಆ ಸೀಳಿನಿಂದ ಟ್ಯಾಂಕಿಗೇ ಮರಳುತ್ತಿದ್ದರೆ ಹೊರಗೆ ಸೋರಿಕೆ ಕಾಣುವುದಾದರೂ ಹೇಗೆ? ಸಾಮಾನ್ಯ ಹೋಸಿನ ಒಳಪದರ ಮಾತ್ರ ಪೆಟ್ರೋಲನ್ನು ತಡೆದುಕೊಳ್ಳುತ್ತದೆ, ಹೊರಪದರವನ್ನು ಅದರಲ್ಲಿ ಮುಳುಗಿಸಿಡುವಂತಿಲ್ಲ. ಅದರಲ್ಲೂ ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಬಗೆಯ ರಬ್ಬರಿಗೆ ಇನ್ನಷ್ಟು ಕಷ್ಟ. ಟ್ಯಾಂಕಿನೊಳಗೆ ಹಾಕುವ ಹೋಸಿನ ಮೇಲೆ ‘ಎಸ್‌ಎಇ 30ಆರ್10’ ಎಂಬ ಗುರುತಿರಬೇಕು. ಹಾಗೆ ಕೇಳಿದಾಗ ಮೂರು ಅಂಗಡಿಯವರು ನನ್ನ ಮುಖ ನೋಡಿದರು.

ಎರಡನೆಯ ಸಲ ಅಸೆಂಬ್ಲಿಯನ್ನೇ ತಂದೆ. ಮೋಟಾರ್, ಜಾಲರಿ, ಗೇಜಿನ ಫ್ಲೋಟ್, ಒಳಗಿನ ಪೈಪ್ ಎಲ್ಲವೂ ಜೋಡಣೆಯಾಗಿಯೇ ಬಂದಿದ್ದವು. ಹಳೆಯದನ್ನು ಎತ್ತಿ ಹೊಸದನ್ನು ಇಳಿಸುವುದಕ್ಕೆ ಮುಕ್ಕಾಲು ಗಂಟೆ ಸಾಕಾಯಿತು. ಫ್ಲೋಟಿನ ಸರಳು ಬಾಗದಂತೆ ಓರೆಯಾಗಿ ಇಳಿಸುವುದೊಂದೇ ನಾಜೂಕಿನ ಕೆಲಸ. ಮುಚ್ಚಳದಡಿಯ ಸೀಲ್ ಉಬ್ಬಿದರೆ ಮತ್ತೆ ತೋಡಿನೊಳಗೆ ಕೂರದು, ಆದ್ದರಿಂದ ಯಾವ ದಾರಿ ಹಿಡಿದರೂ ಹೊಸ ಸೀಲ್ ಬೇಕು.

ಗುಜರಿಯ ಅಸೆಂಬ್ಲಿ ಅಗ್ಗವೇನೋ ಹೌದು, ಆದರೆ ಅದರ ಆಯುಸ್ಸೆಷ್ಟು ಉಳಿದಿದೆಯೆಂದು ಮಾರುವವನಿಗೂ ತಿಳಿದಿರುವುದಿಲ್ಲ.

ನನಗೆ ಬಿಡುವಿರುವುದು ಭಾನುವಾರ ಮಾತ್ರ, ಸೋಮವಾರ ಬೆಳಿಗ್ಗೆ ಕಾರು ಬೇಕೇ ಬೇಕು. ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ ಎಂದು ಗೊತ್ತಿದ್ದೂ ರಿಸರ್ವಿನಲ್ಲೇ ಓಡಿಸುವ ಚಾಳಿಯೂ ನನಗಿದೆ. ಹಾಗಾಗಿ ನನ್ನಂಥವರಿಗೆ ಅಸೆಂಬ್ಲಿಯೇ ಸರಿ. ವರ್ಷದೊಳಗೆ ಕಾರು ಮಾರುವವರಿಗೆ, ಅಥವಾ ಸರಿಯಾದ ಹೋಸ್ ಮೊದಲೇ ಕೈಗೆ ಸಿಕ್ಕವರಿಗೆ ಬರೀ ಮೋಟಾರ್ ಸಾಕು. ಹೋಸ್ ಸಿಗುವ ಮುನ್ನ ಸೀಟು ಎತ್ತಬೇಡಿ.