ಮೂರು ವರ್ಷ ಬಳಸಿದ ಯೂನಿವರ್ಸಲ್ ಬಾಂಡ್: ಡೆಂಟಿನ್‌ಗೆ ಸೈ, ಎನಾಮಲ್ ಅಂಚಿಗೆ ಜೆಲ್ ಬೇಕೇ ಬೇಕು

ಬಾಂಡ್ ಎಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತುವನ್ನು (ಕಾಂಪೋಸಿಟ್) ಹಲ್ಲಿಗೆ ಅಂಟಿಸುವ ದ್ರವ. ಹುಬ್ಬಳ್ಳಿಯ ಕ್ಲಿನಿಕ್ಕಿನಲ್ಲಿ 5 ಎಂಎಲ್ ಬಾಟಲಿಯಲ್ಲಿ ಬರುವ ಈ ಯೂನಿವರ್ಸಲ್ ಬಾಂಡ್ ಮೂರು ವರ್ಷದಿಂದ ಬಳಕೆಯಲ್ಲಿದೆ. ಮೊದಲು ಮೆಚ್ಚಿಕೊಂಡದ್ದನ್ನೇ ಹೇಳಬೇಕು. ಇಡೀ ಕುಳಿಗೆ ಆ್ಯಸಿಡ್ ಹಾಕಿ ತೊಳೆದು ಹಚ್ಚುವ ಹಳೆಯ ಬಾಂಡ್ ಇದ್ದಾಗ, ಫಿಲ್ಲಿಂಗ್ ಆದ ವಾರದೊಳಗೆ "ತಣ್ಣೀರು ಕುಡದ್ರ ಝುಂ ಅಂತೈತ್ರಿ" ಎಂದು ಮರಳಿ ಬರುವವರು ಇದ್ದೇ ಇರುತ್ತಿದ್ದರು. ಆ್ಯಸಿಡ್ ತೊಳೆದ ಮೇಲೆ ಹಲ್ಲಿನ ಒಳಪದರವಾದ ಡೆಂಟಿನ್ ತುಸು ಹೆಚ್ಚು ಒಣಗಿದರೆ ಅದರ ಕೊಲಾಜೆನ್ ನಾರಿನ ಜಾಲ ಕುಸಿಯುತ್ತದೆ, ಬಾಂಡ್ ಒಳಗಿಳಿಯುವುದಿಲ್ಲ. ಹಸಿ ಹೆಚ್ಚಾದರೆ ಬಾಂಡ್ ಕೂರಬೇಕಾದ ಜಾಗದಲ್ಲಿ ನೀರು ಕೂರುತ್ತದೆ. ಈ ಹೊಸ ಬಾಂಡ್‌ನಲ್ಲಿ ಡೆಂಟಿನ್‌ಗೆ ಬೇರೆ ಆ್ಯಸಿಡ್ ಮುಟ್ಟಿಸುವ ಗೋಜೇ ಇಲ್ಲ; ಬಾಂಡ್‌ನಲ್ಲಿರುವ ಎಂಡಿಪಿ ಎಂಬ ರಾಸಾಯನಿಕ ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ಕೂಡಿಕೊಳ್ಳುತ್ತದೆ. ಝುಂ ಎನ್ನುವ ದೂರು ತೀರಾ ಕಡಿಮೆಯಾಗಿದೆ.

ಬೇಸರ ತಂದದ್ದು ಅಂಚು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲನ್ನು ಎಚ್ ಮಾಡಿದರೂ (ಆ್ಯಸಿಡ್ ಜೆಲ್‌ನಿಂದ ಒರಟು ಮಾಡಿದರೂ) ಆದೀತು, ಬಿಟ್ಟರೂ ಆದೀತು ಎಂದು ಪೊಟ್ಟಣದ ಜೊತೆಗಿನ ಚೀಟಿ ಹೇಳುತ್ತದೆ. ಬಿಟ್ಟರೆ ಆಗುವುದಿಲ್ಲ. ಆ್ಯಸಿಡ್ ಜೆಲ್‌ನ ಪಿಎಚ್ 1ಕ್ಕಿಂತ ಕಡಿಮೆ; ಇಂಥ ಸೌಮ್ಯ ಬಾಂಡ್‌ಗಳದ್ದು 2ರ ಮೇಲೆ. ಪಿಎಚ್ ಏರಿದಷ್ಟೂ ಹುಳಿ ಕಡಿಮೆ; ಅಷ್ಟು ಕಡಿಮೆ ಹುಳಿಗೆ ಎನಾಮಲ್ ಮೇಲೆ ಹಿಡಿತಕ್ಕೆ ಸಾಲುವಷ್ಟು ಒರಟು ಏಳುವುದಿಲ್ಲ. ಎಲೆ-ಅಡಿಕೆ, ಗುಟ್ಕಾ ಹಾಕುವವರ ಬಾಯಲ್ಲಿ ಫಿಲ್ಲಿಂಗಿನ ಸುತ್ತ ಕೂದಲೆಳೆಯಂಥ ಕಂದು ಗೆರೆ ಬೇಗನೆ ಎದ್ದು ಕಾಣುತ್ತದೆ. ಗೆರೆ ಕಂಡೊಡನೆ ಹುಳುಕು ಎಂದು ಕೊರೆಯಬಾರದು. ಅಂಚು ದಾಟಿ ಹರಿದ ತೆಳು ಕಾಂಪೋಸಿಟ್ ಪೊರೆಯ ಅಡಿ ಬಣ್ಣ ಸೇರಿರಬಹುದು. ಮೊದಲು ಪಾಲಿಶ್ ಡಿಸ್ಕ್ ಹಿಡಿದು ನೋಡಬೇಕು.

ಮುಂಡರಗಿ ಕಡೆಯಿಂದ ಬರುವವರಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಗದಗ ಜಿಲ್ಲೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲಿಗೆ ಹತ್ತಿದ್ದರೆ ಎನಾಮಲ್‌ನ ಹೊರಪದರ ಆಮ್ಲಕ್ಕೆ ಜಗ್ಗುವುದಿಲ್ಲ. ಹಲ್ಲು ಕೊರೆಯುವ ನುಣುಪು ಬರ್‌ನಿಂದ ಮೇಲ್ಮೈಯನ್ನು ತುಸು ಸವರಿ, ಜೆಲ್ಲನ್ನು 60 ಸೆಕೆಂಡಿನವರೆಗೂ ಬಿಡಬೇಕಾಗುತ್ತದೆ.

ಈಗ ನಡೆಯುವ ಕ್ರಮ ಹೀಗಿದೆ. ಜೊಲ್ಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್). 37 ಪರ್ಸೆಂಟ್ ಆ್ಯಸಿಡ್ ಜೆಲ್ಲನ್ನು ಸಣ್ಣ ಮೂತಿಯಿಂದ ಎನಾಮಲ್ ಅಂಚಿನ ಗುಂಟ ದಾರ ಎಳೆದಂತೆ ಎಳೆದು 15ರಿಂದ 30 ಸೆಕೆಂಡು. ಅಷ್ಟೇ ಹೊತ್ತು ನೀರು. ಗಾಳಿ ಬಿಟ್ಟಾಗ ಅಂಚು ಸುಣ್ಣ ಬಳಿದಂತೆ ಮಂಕು ಬಿಳುಪಾಗಬೇಕು; ಹೊಳಪು ಉಳಿದಿದ್ದರೆ ಮತ್ತೊಮ್ಮೆ. ಬಾಂಡ್ ಹನಿಯನ್ನು ಹಚ್ಚುವ ಕ್ಷಣದಲ್ಲೇ ತೆಗೆದು, ತಕ್ಷಣ ಮುಚ್ಚಳ ಹಾಕಬೇಕು. ಮೈಕ್ರೋಬ್ರಷ್‌ನಿಂದ 20 ಸೆಕೆಂಡು ತಿಕ್ಕಬೇಕು, ಬರೀ ಸವರಿದರೆ ಸಾಲದು. ಆಮೇಲೆ ಗಾಳಿ: ಮೊದಲು ಮೆಲ್ಲಗೆ, ನಂತರ ಜೋರಾಗಿ, ಬಾಂಡ್ ಮೇಲಿನ ಅಲೆ ನಿಂತು ಒಂದೇ ಸಮ ಹೊಳೆಯುವ ತನಕ. ಅಲೆ ಇದೆ ಎಂದರೆ ಒಳಗೆ ದ್ರಾವಕ ಇನ್ನೂ ಇದೆ. ಅದರ ಮೇಲೆ ಬಾಂಡ್ ಗಟ್ಟಿ ಮಾಡುವ ಲೈಟ್ ಹಿಡಿದರೆ ಪದರ ಮೆತ್ತಗೇ ಉಳಿದು ಮುಂದೆ ಸೋರುತ್ತದೆ.

ಆ ಗಾಳಿಯೇ ಕೆಟ್ಟಿದ್ದರೆ ಎಷ್ಟು ಒಳ್ಳೆಯ ಬಾಂಡ್ ಇದ್ದೂ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಬಿಡಬೇಕು. ಗಾಳಿಯ ಸಿರಿಂಜನ್ನು ಬಾಯಿಕನ್ನಡಿ ಮೇಲೆ ಊದಿ ನೋಡಿದರೆ ಹನಿಯೋ ಎಣ್ಣೆಯೋ ತಕ್ಷಣ ಕಾಣುತ್ತದೆ.

ವಸಡಿನ ಕೆಳಗೆ ಇಳಿದ ಕುಳಿಗೆ ಮಾತ್ರ ಈ ಬಾಂಡನ್ನು ಪೂರ್ತಿ ನಂಬಲಾಗದು. ಅಲ್ಲಿ ಹಿಡಿದುಕೊಳ್ಳಲು ಎನಾಮಲ್ಲೇ ಇರುವುದಿಲ್ಲ, ಕಾಂಪೋಸಿಟ್ ಗಟ್ಟಿಯಾಗುತ್ತ ಕುಗ್ಗಿ ಆ ಅಂಚನ್ನು ಸೆಳೆಯುತ್ತದೆ. ತಳಕ್ಕೆ ಗ್ಲಾಸ್ ಐಯೊನೊಮರ್ ಎಂಬ ಹಲ್ಲಿನ ಸಿಮೆಂಟ್ ಕೊಟ್ಟು, ಮೇಲೆ 2 ಮಿಲಿಮೀಟರ್ ಪದರಗಳಲ್ಲಿ ಕಾಂಪೋಸಿಟ್ ಕಟ್ಟುವುದು ಸುರಕ್ಷಿತ.

ಬೆಲೆ ದುಬಾರಿ. ದಿನಕ್ಕೆ ಒಂದೆರಡೇ ಫಿಲ್ಲಿಂಗ್ ಇರುವ ಕ್ಲಿನಿಕ್‌ನವರು ದೊಡ್ಡ ಬಾಟಲಿ ತರಬೇಡಿ. ಮುಗಿಯುವ ಮೊದಲೇ ದ್ರಾವಕ ಹಾರಿಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಫ್ರಿಜ್‌ನಲ್ಲಿಟ್ಟು, ಬಳಸುವ ಮುಂಚೆ ಹೊರಗೆ ತೆಗೆದಿಡಿ. ತಣುಪು ಇಳಿದ ಮೇಲೂ ಹನಿ ಜೇನಿನಂತೆ ದಪ್ಪ ಇಳಿದರೆ, ತಾರೀಖು ಇನ್ನೂ ಬಾಕಿ ಇದ್ದರೂ ಆ ಬಾಟಲಿ ಎಸೆಯಿರಿ.