ಚಿರೆಕಲ್ಲಿನ ಮನೆಗೆ ವೈಫೈ ಪ್ರಿಂಟರ್: ಒಂದೂವರೆ ವರ್ಷ ಬಳಸಿದ ಮೇಲೆ

ಕುಮಟಾ ಪೇಟೆಯಿಂದ ಇಂಕ್ ಟ್ಯಾಂಕ್ ಪ್ರಿಂಟರ್ ತಂದು ಒಂದೂವರೆ ವರ್ಷ ಆಯಿತು. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಆಗುತ್ತದೆ. ಅಕ್ಷರ ಚೆನ್ನಾಗಿ ಮೂಡುತ್ತದೆ, ಇಂಕ್ ಬೇಗ ಮುಗಿಯುವುದಿಲ್ಲ, ಆ ಬಗ್ಗೆ ನನ್ನದೇನೂ ದೂರಿಲ್ಲ. ನಾನು ಬರೆಯಲು ಕೂತಿದ್ದು ಅದನ್ನು ಕಂಪ್ಯೂಟರಿಗೆ ಜೋಡಿಸುವ ವಿಷಯ. ಅಂಗಡಿಯಲ್ಲಿ ನಿಂತಾಗ ಇದನ್ನು ಯಾರೂ ಕೇಳುವುದಿಲ್ಲ, ಮನೆಗೆ ಬಂದ ಮೇಲೆ ತಲೆನೋವು ಶುರುವಾಗುವುದೇ ಇಲ್ಲಿ. ಕಂಪನಿ ಹೆಸರು ಹಾಕುತ್ತಿಲ್ಲ. ಬೇರೆ ಕಂಪನಿಯದ್ದು ತಂದ ನಮ್ಮ ಭಾವನ ಮನೆಯಲ್ಲೂ ಇದೇ ಕತೆ.

ಅಂಗಡಿಯಲ್ಲಿ ಎರಡು ಮಾಡೆಲ್ ಇತ್ತು. ಒಂದಕ್ಕೆ ಯುಎಸ್‌ಬಿ ಮಾತ್ರ, ಇನ್ನೊಂದಕ್ಕೆ ಯುಎಸ್‌ಬಿ ಜೊತೆಗೆ ವೈಫೈ. ವೈಫೈ ಇದ್ದದ್ದಕ್ಕೆ ಎರಡು ಸಾವಿರದ ಹತ್ತಿರ ಜಾಸ್ತಿ. ಮೊಬೈಲಿನಿಂದ ಪ್ರಿಂಟ್ ಕೊಡಬಹುದು ಅಲ್ವಾ ಅಂತ ಅದನ್ನೇ ತಂದೆ. ಮಗಳ ಶಾಲೆಯ ಪ್ರಾಜೆಕ್ಟು, ಅಪ್ಪಯ್ಯನಿಗೆ ಪಹಣಿ, ಕರೆಂಟ್ ಬಿಲ್ಲಿನ ರಶೀದಿ, ಎಲ್ಲ ಈಗ ಮೊಬೈಲಿಗೇ ಬರುತ್ತದಲ್ಲ.

ನಮ್ಮದು ಹಳೇ ಚಿರೆಕಲ್ಲಿನ ಮನೆ. ಗೋಡೆ ಒಂದಡಿಗಿಂತ ದಪ್ಪ. ಫೈಬರ್ ಎಳೆಯಲು ಬಂದ ಹುಡುಗ ರೌಟರನ್ನು ಜಗಲಿಯ ಗೋಡೆಗೇ ಹೊಡೆದು ಹೋಗಿದ್ದ. ಪ್ರಿಂಟರ್ ಇಟ್ಟಿದ್ದು ಒಳಗಿನ ಕೋಣೆಯಲ್ಲಿ, ಮಧ್ಯೆ ಎರಡು ಗೋಡೆ. ಮೊದಲ ದಿನ ಪ್ರಿಂಟರಿಗೆ ನಮ್ಮ ವೈಫೈ ಹೆಸರೇ ಕಾಣಲಿಲ್ಲ. ಗೋಡೆಯೇ ಕಾರಣ ಅಂದುಕೊಂಡು ಪ್ರಿಂಟರನ್ನು ಜಗಲಿಗೇ ಹೊತ್ತು ತಂದೆ. ಅಲ್ಲೂ ಕಾಣಲಿಲ್ಲ! ಆಮೇಲೆ ಗೊತ್ತಾಯಿತು, ನಮ್ಮ ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಬಗೆಯ ಅಲೆಗಳಲ್ಲಿ ವೈಫೈ ಕೊಡುತ್ತದೆ, ನಾನು 5 ಗಿಗಾಹರ್ಟ್ಸ್ ಒಂದನ್ನೇ ಚಾಲೂ ಇಟ್ಟಿದ್ದೆ. ಮನೆಬಳಕೆಯ ಕಡಿಮೆ ಬೆಲೆಯ ಪ್ರಿಂಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ಡಬ್ಬದ ಮೇಲೆ ವೈಫೈ ಅಂತ ದೊಡ್ಡದಾಗಿ ಇರುತ್ತದೆ, ಈ ವಿಷಯ ಮಾತ್ರ ಎಲ್ಲೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ. 2.4 ಚಾಲೂ ಮಾಡಿದೆ, ಹೆಸರು ಬಂತು. ನಮ್ಮಂಥ ಮನೆಗೆ 2.4 ಒಳ್ಳೆಯದೇ, ಗೋಡೆ ದಾಟುವುದರಲ್ಲಿ ಅದು 5ಕ್ಕಿಂತ ವಾಸಿ.

ಮಳೆಗಾಲ ಬಂತು. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗಿ ಬರುವುದು ನಮ್ಮ ಕಡೆ ಹೊಸತಲ್ಲ. ಒಂದು ಬೆಳಿಗ್ಗೆ ಅಪ್ಪಯ್ಯ ಕೋಣೆಯಿಂದ ಕೂಗಿದರು, "ತಮಾ, ಕಾಗದ ಬತ್ತಾ ಇಲ್ಲೆ." ಹೋಗಿ ನೋಡಿದರೆ ಪ್ರಿಂಟರಿನ ದೀಪ ಉರಿಯುತ್ತಿದೆ, ವೈಫೈ ದೀಪವೂ ಸರಿಯಾಗಿದೆ, ಕಂಪ್ಯೂಟರ್ ಮಾತ್ರ ಆಫ್‌ಲೈನ್ ಅನ್ನುತ್ತಿದೆ. ತಾಲೂಕು ಕಚೇರಿಗೆ ಹೊರಟು ನಿಂತವರಿಗೆ ಪಹಣಿ ಬೇಕಿತ್ತು. ಕೊನೆಗೆ ಪೇಟೆಗೆ ಹೋಗಿ ಜೆರಾಕ್ಸ್ ಅಂಗಡಿಯಲ್ಲೇ ತೆಗೆಸಿದರು. ಮನೆಯಲ್ಲಿ ಪ್ರಿಂಟರ್ ಇದ್ದೂ ಹೀಗಾಯಿತಲ್ಲ ಅಂತ ನನಗೆ ನಿಜವಾಗಿಯೂ ಬೇಸರವಾಯಿತು.

ಆಗಿದ್ದು ಇಷ್ಟು. ರೌಟರ್ ತನ್ನ ಜೊತೆ ಸೇರುವ ಪ್ರತಿ ಯಂತ್ರಕ್ಕೂ ಒಂದು ಐಪಿ ನಂಬರ್ ಕೊಡುತ್ತದೆ. ಕರೆಂಟ್ ಹೋಗಿ ಎಲ್ಲ ಮತ್ತೆ ಚಾಲೂ ಆದಾಗ ಆ ನಂಬರ್ ಬದಲಾಗಿಬಿಡಬಹುದು. ಕಂಪ್ಯೂಟರ್ ಹಳೇ ನಂಬರಿಗೇ ಕಳಿಸುತ್ತಾ ಕೂತಿರುತ್ತದೆ, ಅಲ್ಲಿ ಪ್ರಿಂಟರ್ ಇರುವುದಿಲ್ಲ. ಇದಕ್ಕೆ ಪ್ರಿಂಟರ್ ಹಾಳಾಗಿದೆ ಅಂತ ರಿಪೇರಿಗೆ ಒಯ್ಯಬೇಡಿ. ಪ್ರಿಂಟರಿನಿಂದ ನೆಟ್‌ವರ್ಕ್ ವಿವರದ ಪುಟ ಒಂದನ್ನು ತೆಗೆಯಿರಿ, ಅದರಲ್ಲಿ ಮ್ಯಾಕ್ ಅಡ್ರೆಸ್, ಅಂದರೆ ಕಂಪನಿಯವರೇ ಆ ಯಂತ್ರಕ್ಕೆ ಕೊಟ್ಟ ಗುರುತಿನ ನಂಬರ್, ಇರುತ್ತದೆ. ರೌಟರಿನ ಸೆಟ್ಟಿಂಗಿನಲ್ಲಿ ಆ ಅಡ್ರೆಸ್ಸಿಗೆ ಒಂದೇ ಐಪಿ ಕಾಯಂ ಆಗಿ ಸಿಗುವ ಹಾಗೆ ರಿಸರ್ವ್ ಮಾಡಿ, ಕಂಪ್ಯೂಟರಿನಲ್ಲಿ ಪ್ರಿಂಟರನ್ನು ಆ ಐಪಿಯಿಂದಲೇ ಮತ್ತೆ ಸೇರಿಸಿ. ಹತ್ತು ನಿಮಿಷದ ಕೆಲಸ. ನಮ್ಮಲ್ಲಿ ಅದಾದ ಮೇಲೆ ಆ ತೊಂದರೆ ಬರಲಿಲ್ಲ.

ಆದರೂ ನಾನು ಡೆಸ್ಕ್‌ಟಾಪಿಗೆ ಈಗ ಯುಎಸ್‌ಬಿ ತಂತಿಯನ್ನೇ ಹಾಕಿಟ್ಟಿದ್ದೇನೆ. ಎರಡೂ ಒಂದೇ ಮೇಜಿನ ಮೇಲೆ ಇರುವಾಗ ಜಗಲಿಯ ರೌಟರಿಗೆ ಹೋಗಿ ಮತ್ತೆ ಒಳಗೆ ಬರುವ ಸುತ್ತು ಯಾಕೆ? ರೌಟರ್ ಬಂದ್ ಇದ್ದರೂ ಪ್ರಿಂಟ್ ಬರುತ್ತದೆ, ಪಾಸ್‌ವರ್ಡ್ ಬದಲಾಯಿಸಿದರೂ ಬರುತ್ತದೆ. ವೈಫೈ ಹಾಕಿದರೆ ಪ್ರಿಂಟ್ ಬೇಗ ಬರುತ್ತದೆ ಅಂತ ಅಂಗಡಿಯಲ್ಲಿ ಹೇಳಿದ್ದರು, ಅದು ಸರಿಯಲ್ಲ. ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್ ತನಕ ಕಳಿಸಬಲ್ಲದು, ನಿಧಾನ ಆಗುವುದು ಕಾಗದ ಎಳೆದು ಇಂಕ್ ಹಚ್ಚುವ ಕಡೆ. ತಂತಿಯ ಉದ್ದ ಮಾತ್ರ ನೋಡಿಕೊಳ್ಳಿ. ಐದು ಮೀಟರಿಗಿಂತ ಉದ್ದದ್ದು ಬೇಡ, ಇನ್ನೊಂದು ಕೋಣೆಗೆ ಎಳೆಯಬೇಕು ಅನ್ನುವವರಿಗೆ ಯುಎಸ್‌ಬಿ ಆಗಿಬರುವುದಿಲ್ಲ. ಮತ್ತೆ, ಕಂಪ್ಯೂಟರಿಗೆ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಹಾಕುವಾಗ ಅದು ಹೇಳಿದ ಮೇಲೆಯೇ ತಂತಿ ಸಿಕ್ಕಿಸಿ, ಮೊದಲೇ ಸಿಕ್ಕಿಸಿ ಆಮೇಲೆ ಒದ್ದಾಡಿದವರನ್ನು ನೋಡಿದ್ದೇನೆ.

ಮೊಬೈಲಿಗೆ ವೈಫೈ ಹಾಗೇ ಇದೆ. ಮಗಳು ಅಲ್ಲಿಂದಲೇ ಕೊಡುತ್ತಾಳೆ. ಇಂಟರ್ನೆಟ್ ಹೋದ ದಿನವೂ ಬರುತ್ತದೆ, ಯಾಕೆಂದರೆ ಬೇಕಿರುವುದು ರೌಟರ್ ಅಷ್ಟೇ, ಹೊರಗಿನ ನೆಟ್ ಅಲ್ಲ. ರೌಟರೂ ಇಲ್ಲದಾಗ ವೈಫೈ ಡೈರೆಕ್ಟ್ ಇದೆ, ಪ್ರಿಂಟರೇ ಒಂದು ವೈಫೈ ಹುಟ್ಟಿಸುತ್ತದೆ, ಮೊಬೈಲ್ ನೇರ ಅದಕ್ಕೇ ಸೇರುತ್ತದೆ. ಮನೆಗೆ ಬಂದವರಿಗೆ ಗೆಸ್ಟ್ ವೈಫೈ ಕೊಟ್ಟರೆ ಅವರ ಮೊಬೈಲಿಗೆ ಪ್ರಿಂಟರ್ ಕಾಣದೇ ಇರಬಹುದು. ಗೆಸ್ಟ್ ವೈಫೈಯನ್ನು ಮನೆಯ ಉಳಿದ ಯಂತ್ರಗಳಿಂದ ಬೇರೆಯಾಗಿಯೇ ಇಟ್ಟಿರುತ್ತಾರೆ.

ಈಥರ್ನೆಟ್, ಅಂದರೆ ರೌಟರಿಗೆ ತಂತಿಯಿಂದಲೇ ಜೋಡಿಸುವ ವ್ಯವಸ್ಥೆ, ಇರುವ ಪ್ರಿಂಟರ್ ತಗೊಳ್ಳಲಾ ಅಂತ ಭಾವ ಕೇಳಿದ್ದರು. ತಂತಿ 100 ಮೀಟರ್ ತನಕ ಎಳೆಯಬಹುದು, ನಾಲ್ಕಾರು ಜನ ಒಂದೇ ಪ್ರಿಂಟರ್ ಬಳಸುವ ಆಫೀಸಿಗೆ ಅದೇ ಸರಿ. ಮನೆಗೆ ನಾನು ಬೇಡ ಅಂದೆ. ಬೆಲೆ ಜಾಸ್ತಿ, ಮೇಲಾಗಿ ನಮ್ಮ ಕಡೆಯ ಸಿಡಿಲು ಗೊತ್ತಲ್ಲ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಜಗಲಿಯಿಂದ ಕೋಣೆಗೆ ಎಳೆದ ತಾಮ್ರದ ತಂತಿಯಲ್ಲಿ ಹರಿಯುತ್ತದೆ. ಗುಡುಗು ಶುರುವಾದರೆ ನಾನು ಪ್ರಿಂಟರ್, ರೌಟರ್ ಎರಡರ ಪ್ಲಗ್ಗನ್ನೂ ಕಿತ್ತಿಡುತ್ತೇನೆ. ಸ್ವಿಚ್ ಆರಿಸಿದರೆ ಸಾಲದು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. 2.4 ಗಿಗಾಹರ್ಟ್ಸ್ ವಿಷಯ ಡಬ್ಬದ ಮೇಲೆ ಕಾಣುವ ಹಾಗೆ ಬರೆದಿದ್ದರೆ ಐದೂ ಕೊಡುತ್ತಿದ್ದೆ. ಇನ್ನೊಂದು, ಸಮುದ್ರದ ಹತ್ತಿರ ಇರುವವರು ಪ್ರಿಂಟರಿನ ಹಿಂದಿನ ಆ ಚೌಕದ ಯುಎಸ್‌ಬಿ ತೂತನ್ನು ಆಗಾಗ ನೋಡಿ. ಮೊನ್ನೆ ತಂತಿ ಎಳೆದಾಗ ಅದರ ತಗಡಿನ ಅಂಚಿನಲ್ಲಿ ಕಂದು ಬಣ್ಣದ ತುಕ್ಕು ಕೂತಿತ್ತು. ಒಣ ಬಟ್ಟೆಯಲ್ಲಿ ಒರೆಸಿ ಹೊಸ ತಂತಿ ಹಾಕಿದ್ದೇನೆ, ಸದ್ಯಕ್ಕೆ ಸರಿ ಇದೆ.