ದುಡಿಯುವವರ ಮನೆಯಲ್ಲಿ ಕ್ರೈಸ್ತ ಪಾಠ: ಎಸಿಇ ಅಥವಾ ಎನ್‌ಐಒಎಸ್?

ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಾ, ದಾವಣಗೆರೆಯಲ್ಲಿ ಆಸ್ಪತ್ರೆ ಪಾಳಿಗೋ ಬ್ಯಾಂಕಿಗೋ ಹೋಗಿಬರುವವರಿಗೆ ಬೆಳಗಿನ ಒಂದು ಗಂಟೆಯೇ ದೊಡ್ಡದು. ಆ ಮಟ್ಟಿಗೆ ಎಸಿಇ (ಆಕ್ಸಲರೇಟೆಡ್ ಕ್ರಿಶ್ಚಿಯನ್ ಎಜುಕೇಶನ್) ಅನುಕೂಲ. 1970ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಪಠ್ಯಕ್ರಮದಲ್ಲಿ ಒಂದು ವಿಷಯಕ್ಕೆ ವರ್ಷಕ್ಕೆ 12 ಕಿರುಪುಸ್ತಕಗಳು. ಮಗು ತಾನೇ ಓದಿ, ಬರೆದು, ಉತ್ತರ ತಾಳೆ ನೋಡುತ್ತದೆ. ಸತ್ಯವೇದದ (ಬೈಬಲ್‌ನ) ವಚನಗಳು ಪಾಠದೊಳಗೇ ಬೆರೆತಿವೆ. ಆದರೆ ಪಾಠ ಇಂಗ್ಲಿಷಿನಲ್ಲಿ, ಚರಿತ್ರೆ ಅಮೆರಿಕದ್ದು. ಕನ್ನಡವನ್ನೂ ಚಿತ್ರದುರ್ಗದ ಕೋಟೆಯ ಕಥೆಯನ್ನೂ ನೀವೇ ಕಲಿಸಬೇಕು.

ಎನ್‌ಐಒಎಸ್ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮನಾದ ಪರೀಕ್ಷೆ ಬರೆಯಬಹುದು. ಧರ್ಮಬೋಧೆ ಅದರಲ್ಲಿಲ್ಲ, ರಾತ್ರಿ ಊಟಕ್ಕೆ ಮೊದಲು ಸತ್ಯವೇದದ ಒಂದು ಜ್ಞಾನೋಕ್ತಿ ಓದಿ ಮಾತನಾಡಿದರೆ ಆ ಕೊರತೆ ತುಂಬುತ್ತದೆ. ನನ್ನ ಒಲವು ಇದರ ಕಡೆಗೇ. ಯಾವುದನ್ನು ಹಿಡಿದರೂ ಹಗಲು ಮಗುವಿನ ಜೊತೆ ಅಜ್ಜಿಯೋ ಚಿಕ್ಕಮ್ಮನೋ ಇರಲೇಬೇಕು.